ಪುಟ್ಟ ಸಸಿಗೆ ದೊಡ್ಡ ಕುಂಡ ಕೊಟ್ಟರೆ ತಪ್ಪೇನು?

ಪ್ರಶ್ನೆ: ನರ್ಸರಿಯಿಂದ ತಂದ ಸಸಿ ಗೇಣುದ್ದವಿದೆ. ಹೇಗೂ ಬೆಳೆಯುವ ಗಿಡ ತಾನೆ? ಈಗಲೇ ದೊಡ್ಡ ಕುಂಡದಲ್ಲಿ ನೆಟ್ಟುಬಿಟ್ಟರೆ ಪದೇ ಪದೇ ಬದಲಿಸುವ ತಾಪತ್ರಯ ತಪ್ಪುತ್ತದಲ್ಲ?

ಉತ್ತರ: ಮಗು ಬೆಳೆಯುತ್ತದೆಂದು ಎರಡು ವರ್ಷ ಮುಂದಿನ ಅಳತೆಯ ಅಂಗಿ ಹೊಲಿಸುವ ಲೆಕ್ಕ ಇದು. ಅಂಗಿ ದೊಗಲೆಯಾದರೆ ಮಗುವಿಗೇನೂ ಆಗುವುದಿಲ್ಲ. ಕುಂಡ ದೊಗಲೆಯಾದರೆ ಸಸಿ ಸಾಯಬಹುದು, ಅದೂ ನೀರು ಹೆಚ್ಚಾಗಿ.

20 ಸೆಂ.ಮೀ. ಅಗಲದ ಕುಂಡದ ಬದಲು ಅದೇ ಆಕಾರದ 30 ಸೆಂ.ಮೀ. ಕುಂಡ ತಂದರೆ, ಅಗಲ ಒಂದೂವರೆ ಪಟ್ಟಾಯಿತು ಅಷ್ಟೇ ಎಂದು ಕಣ್ಣು ಹೇಳುತ್ತದೆ. ಆದರೆ ಎತ್ತರವೂ ಹೆಚ್ಚುವುದರಿಂದ ಅದು ಹಿಡಿಸುವ ಮಣ್ಣು ಮೂರು ಪಟ್ಟನ್ನೂ ಮೀರುತ್ತದೆ. ಆ ಹೆಚ್ಚುವರಿ ಮಣ್ಣಿನಲ್ಲಿ ಬೇರಿಲ್ಲ, ಹಾಗಾಗಿ ಅಲ್ಲಿನ ನೀರನ್ನು ಕುಡಿಯುವವರೂ ಇಲ್ಲ. ಮೇಲ್ಪದರ ಒಣಗಿದಂತೆ ಕಾಣುತ್ತದೆ, ನಾವು ಮತ್ತೆ ಹೊಯ್ಯುತ್ತೇವೆ. ಕೆಳಗೆ ಹಳೆಯ ನೀರೇ ಖರ್ಚಾಗಿರುವುದಿಲ್ಲ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆ ನೀರು ತುಂಬಿಕೊಂಡರೆ ಆಮ್ಲಜನಕ ಸಿಗದೆ ಬೇರಿಗೆ ಉಸಿರು ಕಟ್ಟುತ್ತದೆ. ಬೇರು ಕೊಳೆಸುವ ಪಿಥಿಯಮ್, ಫೈಟಾಫ್ತೊರಾದಂತಹ ರೋಗಾಣುಗಳಿಗೆ ಇದೇ ಸುಗ್ಗಿ. ಬೇರು ಕೊಳೆತ ಗಿಡ ಬಾಡುತ್ತದೆ, ಬಾಡಿದ್ದನ್ನು ಕಂಡು ಮರುಗಿ ನಾವು ಇನ್ನೊಂದು ತಂಬಿಗೆ ನೀರು ಸುರಿಯುತ್ತೇವೆ.

ನಾನೂ ಒಂದು ಮಲ್ಲಿಗೆ ಸಸಿಯನ್ನು ಹೀಗೆಯೇ ಕೊಂದಿದ್ದೇನೆ. ಕುಂಡವನ್ನು ಬೋರಲು ಹಾಕಿ ನೋಡಿದರೆ, ನಡುವೆ ನರ್ಸರಿ ಚೀಲದ ಆಕಾರದಲ್ಲೇ ಬೇರಿನ ಮುದ್ದೆ ಕುಳಿತಿತ್ತು. ಸುತ್ತಲೂ ಒಂದೇ ಒಂದು ಬೇರೂ ಕಾಲಿಡದ, ಚರಂಡಿ ವಾಸನೆಯ ಕಪ್ಪು ಮಣ್ಣು. ಒಂದು ಬೇರನ್ನು ಹಿಡಿದೆಳೆದರೆ ಸಿಪ್ಪೆ ಕಳಚಿ ಬೆರಳಿಗೆ ಅಂಟಿತು, ಒಳಗಿನ ನೂಲಿನಂತಹ ಎಳೆ ಮಾತ್ರ ಉಳಿಯಿತು.

ಹಾಗಾದರೆ ಎಷ್ಟು ದೊಡ್ಡದು ಬೇಕು? ಬೇರಿನ ಮುದ್ದೆಯನ್ನು ಕುಂಡದ ನಡುವೆ ಇಟ್ಟಾಗ ಸುತ್ತ ಎರಡು ಬೆರಳಿನಷ್ಟು ಜಾಗ ಉಳಿದರೆ ಸಾಕು. ತಳದ ತೂತಿನಿಂದ ಬೇರು ಇಣುಕತೊಡಗಿದಾಗ, ಅಥವಾ ಬೆಳಗ್ಗೆ ಹೊಯ್ದ ನೀರು ಸಂಜೆಯೊಳಗೇ ಒಣಗತೊಡಗಿದಾಗ ಮುಂದಿನ ಅಳತೆಗೆ ಹೋಗಿ. ಟೊಮೆಟೊ, ಸೌತೆಯಂತಹ ಆತುರದ ಗಿಡಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವು ಕೆಲವೇ ವಾರಗಳಲ್ಲಿ ಕುಂಡವನ್ನೆಲ್ಲ ಬೇರಿನಿಂದ ತುಂಬುತ್ತವೆ. ಟೊಮೆಟೊ ಸಸಿಯನ್ನು ಸುಮಾರು 20 ಲೀಟರ್ ಹಿಡಿಸುವ ಕುಂಡಕ್ಕೆ ನೇರವಾಗಿ ಇಳಿಸಬಹುದು.

‘ತಳಕ್ಕೆ ಒಂದಷ್ಟು ಜಲ್ಲಿ ಹಾಕಿದರೆ ನೀರು ಬಸಿಯುತ್ತದಲ್ಲ?’ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಬಹಳ ಜನ ನಂಬಿರುವ ಮಾತು, ಆದರೆ ಸರಿಯಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ, ತಟ್ಟೆಯಂತೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಹಿಂಡದೆ ಮೆಲ್ಲಗೆ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸೋರತೊಡಗುತ್ತದೆ! ಸ್ಪಂಜು ಅದೇ, ಬದಲಾಗಿದ್ದು ಎತ್ತರ ಮಾತ್ರ. ಕುಂಡದ ಮಣ್ಣೂ ಹಾಗೆಯೇ: ಎಷ್ಟೇ ಬಸಿದರೂ ಮಣ್ಣಿನ ತಳದಲ್ಲೊಂದು ಒದ್ದೆ ಪದರ ಉಳಿದೇ ಉಳಿಯುತ್ತದೆ. ಜಲ್ಲಿ ಹಾಕಿದರೆ ಆ ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಒಂದೇ ಮಿಶ್ರಣ ತುಂಬಿದರೂ ತಟ್ಟೆಯಂತಹ ಕುಂಡಕ್ಕಿಂತ ಎತ್ತರದ ಕುಂಡದಲ್ಲಿ ಬೇರಿಗೆ ಗಾಳಿ ಹೆಚ್ಚು ಸಿಗುವುದೂ ಇದೇ ಕಾರಣಕ್ಕೆ. ಮಣ್ಣು ಜಾರದಂತೆ ತೂತಿನ ಮೇಲೊಂದು ಜಾಲರಿ ತುಂಡು ಇಡಿ, ಸಾಕು. ತೂತೇ ಇಲ್ಲದ ಕುಂಡ ಎಷ್ಟೇ ಸುಂದರವಾಗಿದ್ದರೂ ಹೊರಗವಚ ಮಾತ್ರ. ತೂತಿರುವ ಕುಂಡವನ್ನು ಅದರೊಳಗೆ ಇಟ್ಟು, ತಳದಲ್ಲಿ ನಿಂತ ನೀರನ್ನು ಆಗಾಗ ಚೆಲ್ಲುತ್ತಿರಬೇಕು.

ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಎಂಬುದನ್ನು ಗಿಡಕ್ಕಿಂತ ನಿಮ್ಮ ಸ್ವಭಾವ ನೋಡಿ ತೀರ್ಮಾನಿಸಿ ಎನ್ನುತ್ತೇನೆ. ಸುಟ್ಟ ಮಣ್ಣಿನ ಕುಂಡ ಮೈಯೆಲ್ಲ ಬೆವರಿ ನೀರು ಕಳೆಯುತ್ತದೆ. ಕಂಡಾಗಲೆಲ್ಲ ನೀರು ಹೊಯ್ಯುವ ಕೈಗೆ ಅದೇ ಕಾವಲು. (ಅದರ ಹೊರಮೈಯಲ್ಲಿ ಕಾಣುವ ಬಿಳಿ ಪುಡಿ ಸಾಮಾನ್ಯವಾಗಿ ನೀರು, ಗೊಬ್ಬರಗಳ ಲವಣ, ರೋಗವಲ್ಲ.) ಹೊಸದಾದರೆ ಮೊದಲು ನೀರಿನಲ್ಲಿ ನೆನೆಸಿಡಿ, ಇಲ್ಲದಿದ್ದರೆ ಸಸಿಯ ಪಾಲನ್ನು ಅದೇ ಹೀರುತ್ತದೆ. ಮರೆಗುಳಿಗಳಿಗೆ ಪ್ಲಾಸ್ಟಿಕ್ ವಾಸಿ, ಆದರೆ ಕಪ್ಪು ಬಣ್ಣದ್ದನ್ನು ಮಧ್ಯಾಹ್ನದ ಬಿಸಿಲಿಗೆ ಒಡ್ಡಬೇಡಿ. ಬಿಸಿಲು ಬೀಳುವ ಮಗ್ಗುಲಿನ ಬೇರುಗಳು ಬೆಂದುಹೋಗುತ್ತವೆ.

ಇನ್ನು ಬದಲಿಸುವ ತಾಪತ್ರಯದ ಮಾತು. ಅದು ನಿಜವಾಗಿ ಎದುರಾಗುವುದು ಹೂಜಿಯ ಹಾಗೆ ಹೊಟ್ಟೆ ಉಬ್ಬಿ ಕತ್ತು ಕಿರಿದಾದ ಕುಂಡಗಳಲ್ಲಿ. ಬೇರು ಹೊಟ್ಟೆ ತುಂಬಿದ ಮೇಲೆ ಕತ್ತಿನಿಂದ ಹೊರಬರುವುದಿಲ್ಲ. ಬೇರನ್ನು ಕತ್ತರಿಸಬೇಕು, ಇಲ್ಲವೇ ಕುಂಡವನ್ನು ಒಡೆಯಬೇಕು. ಬಾಯಿಯ ಕಡೆಗೆ ಅಗಲವಾಗುತ್ತ ಹೋಗುವ ಸಾದಾ ಕುಂಡ ಕೊಂಡರೆ, ಹಿಂದಿನ ದಿನ ನೀರು ಹಾಕಿಟ್ಟು, ಕಾಂಡವನ್ನು ಬೆರಳ ಸಂದಿನಲ್ಲಿ ಹಿಡಿದು ಬೋರಲು ಮಾಡಿ ಅಂಚನ್ನು ಎರಡು ಸಲ ಕುಟ್ಟಿದರೆ ಮುದ್ದೆ ಇಡಿಯಾಗಿ ಅಂಗೈಗೆ ಜಾರುತ್ತದೆ.