ಹೊರಗೆ ಸ್ಟೀರಿಯೋ ಹಾಕಿಸಿದರೆ ಕಾರಿನ ವಾರಂಟಿ ಹೋಗುತ್ತಾ?

ಪ್ರಶ್ನೆ: ಹೊಸ ಕಾರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಟಚ್‌ಸ್ಕ್ರೀನ್ ಸ್ಟೀರಿಯೋ, ಜಾಸ್ತಿ ಬೆಳಕಿನ ಹೆಡ್‌ಲೈಟ್ ಹಾಕಿಸಬೇಕು ಅಂತಿದ್ದೇನೆ. ಹೊರಗೆ ಏನೇ ಮಾಡಿಸಿದರೂ ವಾರಂಟಿ ಕ್ಯಾನ್ಸಲ್ ಅಂತ ಶೋರೂಮಿನವರು ಹೇಳುತ್ತಾರೆ. ನಿಜವೇ?

ಉತ್ತರ: ಪೂರ್ತಿ ನಿಜವಲ್ಲ. ಅದೇ ಸ್ಟೀರಿಯೋವನ್ನು ಶೋರೂಮ್ ಕೂಡ ಮಾರುತ್ತದೆ, ಅದೂ ದುಬಾರಿಗೆ. ಹಾಗಾಗಿ ಅವರ ಮಾತನ್ನು ಸ್ವಲ್ಪ ಸೋಸಿ ಕೇಳಿ.

ಕಾರಿನ ಜೊತೆ ಬಂದ ವಾರಂಟಿ ಪುಸ್ತಕ ತೆಗೆದು ನೋಡಿ. ಹೊರಗಿನ ಬಿಡಿಭಾಗ ಅಥವಾ ಮಾರ್ಪಾಡಿನಿಂದ ಆದ ದೋಷಕ್ಕೆ ಕಂಪನಿ ಹೊಣೆಯಲ್ಲ ಅನ್ನುವ ಅರ್ಥದ ಸಾಲು ಸಾಮಾನ್ಯವಾಗಿ ಇರುತ್ತದೆ. ಅಂದರೆ ಕೆಟ್ಟದ್ದಕ್ಕೂ ನೀವು ಹಾಕಿಸಿದ್ದಕ್ಕೂ ಸಂಬಂಧ ಇರಬೇಕು. ಸ್ಟೀರಿಯೋ ಬದಲಿಸಿದ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟರೆ, ಸ್ಟೀರಿಯೋ ತೋರಿಸಿ ಕ್ಲೇಮ್ ತಳ್ಳಿಹಾಕುವುದು ನ್ಯಾಯವಲ್ಲ ಅಲ್ವಾ?

2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ (ಮಾರುಕಟ್ಟೆಯ ಪೈಪೋಟಿಯಲ್ಲಿ ಅನ್ಯಾಯ ಆಗದಂತೆ ನೋಡಿಕೊಳ್ಳುವ ಸಂಸ್ಥೆ) 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದರು ಅನ್ನುವ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಕೂಡದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಆ ಆದೇಶ ರಿಪೇರಿ ಬಗ್ಗೆಯೇ ಹೊರತು ಮಾರ್ಪಾಡಿನ ಬಗ್ಗೆ ಅಲ್ಲ, ನಿಜ. ಆದರೆ ವಾದಕ್ಕೆ ನಿಂತಾಗ ನೆನಪಿನಲ್ಲಿರಲಿ.

ಅಸಲಿ ತೊಂದರೆ ಇರುವುದು ವೈರ್‌ನಲ್ಲಿ. ಈಗಿನ ಕಾರುಗಳಲ್ಲಿ ಡೋರ್ ಲಾಕ್‌ನಿಂದ ಹಿಡಿದು ದೀಪದವರೆಗೆ ಎಲ್ಲವೂ ಕಂಪ್ಯೂಟರ್‌ಗಳಿಗೆ ಕಟ್ಟಿಕೊಂಡಿರುತ್ತವೆ. ಅಂಗಡಿಯ ಹುಡುಗ ಒಂದು ವೈರ್ ಕತ್ತರಿಸಿ ಟೇಪ್ ಸುತ್ತಿದರೆ, ನಾಳೆ ಪವರ್ ವಿಂಡೋ ನಿಂತರೂ ಬೆರಳು ಆ ಟೇಪಿನ ಕಡೆಗೇ ತಿರುಗುತ್ತದೆ. ಆಗ ಸರ್ವಿಸ್ ಸೆಂಟರ್‌ನವರ ವಾದಕ್ಕೂ ಬಲ ಬರುತ್ತದೆ. ಅದಕ್ಕೇ ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್ ಕೇಳಿ. ವೈರ್ ಮುಟ್ಟದೆ ಸಿಕ್ಕಿಸಿ, ಬೇಕಾದಾಗ ಬಿಚ್ಚಿಬಿಡಬಹುದು. ಹಳೆಯ ಸ್ಟೀರಿಯೋ ಎಸೆಯಬೇಡಿ, ಬಿಲ್ಲನ್ನೂ ಇಟ್ಟುಕೊಳ್ಳಿ.

ಹೆಡ್‌ಲೈಟ್ ವಿಷಯದಲ್ಲಿ ನಾನು ಬೇಡ ಅಂತಲೇ ಹೇಳುತ್ತೇನೆ. 60/55 ವಾಟ್ ಬಲ್ಬಿಗೆ ಮಾಡಿದ ವೈರಿಂಗ್‌ಗೆ 100 ವಾಟ್ ಬಲ್ಬ್ ಹಾಕಿದರೆ ಹೋಲ್ಡರ್ ಕರಗಬಹುದು. ಆ ಖರ್ಚು ನಿಮ್ಮದೇ. ಎದುರು ಬರುವವರ ಕಣ್ಣು ಕುಕ್ಕುವುದು ಬೇರೆ.

ಎಂಜಿನ್ ಶಕ್ತಿ ಹೆಚ್ಚಿಸಲು ಇಸಿಯು ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸುವ ಆಸೆಯೇನಾದರೂ ಇದ್ದರೆ, ಎಂಜಿನ್, ಟರ್ಬೊ, ಗೇರ್‌ಬಾಕ್ಸ್ ಮೂರರ ವಾರಂಟಿಯನ್ನೂ ಮರೆತುಬಿಡಿ. ಅಲ್ಲಿ ಸಂಬಂಧ ತೋರಿಸಲು ಕಂಪನಿ ಕಷ್ಟಪಡಬೇಕಿಲ್ಲ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಆ ಕಾನೂನಿನ ತಲೆನೋವು ಪ್ರತ್ಯೇಕ.

ಇಷ್ಟಾದರೂ ಕ್ಲೇಮ್ ತಿರಸ್ಕರಿಸಿದರೆ ಸುಮ್ನೆ ಜಗಳ ಬೇಡ. ಯಾವ ಬದಲಾವಣೆಯಿಂದ ಯಾವ ಭಾಗ ಹೇಗೆ ಕೆಟ್ಟಿತು ಅಂತ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.