ದಿಬ್ಬುಕ್ ಅಂದರೆ ಬರೀ ದೆವ್ವ ಅಲ್ಲ

ಹದಿಹರೆಯದವರಿಗೆ ಬರೆದ ಒಂದು ಇಂಗ್ಲಿಷ್ ಪದ್ಯ ಕಾದಂಬರಿಯ ಪರಿಚಯ ಓದುತ್ತಿದ್ದೆ. ಪ್ರಾಗ್‌ನ ಪಾಳುಬಿದ್ದ ಯಹೂದಿ ಸ್ಮಶಾನ, ಅಲ್ಲಿ ಹುಡುಗಿಗೆ ಎದುರಾಗುವ, ಎಂದೋ ಸತ್ತುಹೋದ ಹುಡುಗ. ಅವನನ್ನು ‘ದಿಬ್ಬುಕ್’ ಎಂದು ಕರೆದಿದ್ದರು. ಯಹೂದಿ ಕಥೆಯಲ್ಲಿ ದೆವ್ವ ಕಂಡರೆ ಸಾಕು, ಈ ಹೆಸರು ಇಟ್ಟುಬಿಡುತ್ತಾರೆ. ದಿಬ್ಬುಕ್ ಅಂದರೆ ಬದುಕಿರುವವರ ಮೈ ಹೊಕ್ಕ, ಸತ್ತವರ ಆತ್ಮ. ಆ ಹುಡುಗ ಯಾರ ಮೈಯೊಳಗೂ ಹೊಕ್ಕಿಲ್ಲ. ಹಾಗಿದ್ದ ಮೇಲೆ ದಿಬ್ಬುಕ್ ಹೇಗಾಗುತ್ತಾನೆ?

ಪದದಲ್ಲೇ ಉತ್ತರ ಇದೆ. ದ-ಬ-ಕ ಎಂಬ ಹೀಬ್ರೂ ಧಾತುವಿಗೆ ಅಂಟಿಕೊಳ್ಳುವುದು ಎಂದು ಅರ್ಥ. ಇವತ್ತಿನ ಹೀಬ್ರೂವಿನಲ್ಲಿ ಗೋಂದಿಗೆ ‘ದೆವೆಕ್’ ಅನ್ನುತ್ತಾರೆ, ಅದೂ ಇದೇ ಧಾತು. ಬೈಬಲಿನ ರೂತಳ ಕಥೆಯಲ್ಲಿ ಗಂಡ ಸತ್ತ ಮೇಲೆ ಒಬ್ಬ ಸೊಸೆ ಅತ್ತೆಗೆ ಮುತ್ತಿಟ್ಟು ತವರಿಗೆ ಹೊರಡುತ್ತಾಳೆ. ರೂತ್ ಮಾತ್ರ ಅತ್ತೆಯನ್ನು ಬಿಡುವುದಿಲ್ಲ. ಅಲ್ಲಿರುವ ಕ್ರಿಯಾಪದವೂ ಇದೇ. ದೇವರಿಗೆ ಮನಸ್ಸನ್ನು ಪೂರ್ತಿ ಅಂಟಿಸಿಕೊಳ್ಳುವುದಕ್ಕೆ ಯಹೂದಿಗಳಲ್ಲೇ ಭಕ್ತಿಗೆ ಒತ್ತು ಕೊಡುವ ಹಸಿದಿ ಪಂಥದವರು ‘ದೆವೆಕುತ್’ ಅನ್ನುತ್ತಾರೆ. ಭಕ್ತಿಯ ತುತ್ತತುದಿಗೂ ಮೈಗೆ ಮೆಟ್ಟಿಕೊಂಡ ಆತ್ಮಕ್ಕೂ ಬೇರು ಒಂದೇ! ನನಗೆ ಈ ಪದ ಇಷ್ಟ ಆಗಿರುವುದೇ ಇದಕ್ಕೆ. ‘ದುಷ್ಟ ಆತ್ಮ ಅಂಟಿಕೊಳ್ಳುವುದು’ ಎಂಬ ಉದ್ದ ಮಾತು ಮೊಟಕಾಗಿ ದಿಬ್ಬುಕ್ ಆಯಿತು. ಪುಸ್ತಕಗಳಿಗೆ ಅದು ಬಂದದ್ದು 17ನೇ ಶತಮಾನದಲ್ಲಿ, ಜರ್ಮನಿ ಮತ್ತು ಪೋಲೆಂಡಿನ ಯಹೂದಿಗಳ ಆಡುಮಾತಿನಿಂದ.

ಅಂಟಿಕೊಳ್ಳುವುದು ಸೈತಾನನೂ ಅಲ್ಲ, ರಾಕ್ಷಸನೂ ಅಲ್ಲ. ರಾಕ್ಷಸನಿಗೆ ‘ಶೇದ್’ ಎಂಬ ಬೇರೆ ಪದ ಇದೆ. ದಿಬ್ಬುಕ್ ಸತ್ತ ಮನುಷ್ಯನ ಆತ್ಮ. ಪಾಪ ಎಷ್ಟು ಜಾಸ್ತಿ ಅಂದರೆ ನರಕದಲ್ಲೂ ಜಾಗವಿಲ್ಲ, ಮರುಹುಟ್ಟೂ ಇಲ್ಲ. ಹೌದು, ಯಹೂದಿಗಳ ಅನುಭಾವ ಪರಂಪರೆಯಾದ ಕಬಾಲಾದಲ್ಲಿ ಮರುಹುಟ್ಟಿನ ನಂಬಿಕೆ ಇದೆ, ಅದರ ಹೆಸರು ‘ಗಿಲ್ಗುಲ್’. 16ನೇ ಶತಮಾನದಲ್ಲಿ ಇಂದಿನ ಇಸ್ರೇಲಿನ ಸಫೇದ್ ಊರಿನ ಗುರು ಐಸಾಕ್ ಲೂರಿಯಾ ಮತ್ತು ಶಿಷ್ಯರು ಇದನ್ನು ವಿಸ್ತಾರವಾಗಿ ಬೆಳೆಸಿದರು. ಎಲ್ಲೂ ನೆಲೆ ಸಿಗದ ಆತ್ಮ ಬದುಕಿರುವವರ ಮೈಯಲ್ಲಿ ಅಡಗಿಕೊಳ್ಳುತ್ತದೆ. ಅದನ್ನು ಬಿಡಿಸುವಾಗ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮೊದಲು ಹೆಸರು ಕೇಳುತ್ತಾನೆ, ಏನು ತಪ್ಪು ಮಾಡಿದೆ ಎಂದು ಕೇಳುತ್ತಾನೆ. ಹತ್ತು ಜನ ಸೇರುತ್ತಾರೆ, ಟಗರಿನ ಕೊಂಬು ಊದುತ್ತಾರೆ. ಆ ಆತ್ಮಕ್ಕೂ ಪ್ರಾರ್ಥನೆ ಸಲ್ಲುತ್ತದೆ. ಅದು ಕಾಲಿನ ಕಿರುಬೆರಳಿಂದ ಹೊರಬೀಳುತ್ತದೆ, ಅಲ್ಲಿ ರಕ್ತದ ಚುಕ್ಕೆ ಉಳಿಯುತ್ತದೆ ಎಂದು ಹಳೆಯ ಕಥೆಗಳು ಹೇಳುತ್ತವೆ. ಕೇಡು ಕಳೆಯುವುದರ ಜೊತೆಗೆ ದಿಕ್ಕೆಟ್ಟವನಿಗೆ ದಾರಿ ತೋರಿಸುವ ಕೆಲಸವೂ ಅದು.

ಜಗತ್ತಿಗೆ ಈ ಪದ ಮುಟ್ಟಿಸಿದ್ದು ಯಹೂದಿ ಲೇಖಕ ಅನ್‌ಸ್ಕಿ ಬರೆದ ‘ದಿಬ್ಬುಕ್’ ನಾಟಕ. 1912ರಿಂದ 1914ರವರೆಗೆ ಅವರು ಇಂದಿನ ಉಕ್ರೇನಿನ ಹಳ್ಳಿಗಳಲ್ಲಿ ಯಹೂದಿ ಕಥೆ, ಹಾಡು ಕೂಡಿಸುತ್ತಾ ತಿರುಗಿದ್ದರು. ನಾಟಕ ವಾರ್ಸಾದಲ್ಲಿ ರಂಗಕ್ಕೆ ಬಂದದ್ದು 1920ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡು ಒಂದು ತಿಂಗಳಾದ ಮೇಲೆ. ಮದುವೆಯ ಹೊತ್ತಿಗೆ ಲೇಯಾಳ ಮೈ ಹೊಗುವವನು ಅವಳನ್ನು ಪ್ರೀತಿಸಿ ಸತ್ತ ಖಾನಾನ್.

ಇನ್ನು ‘ದಿಬ್ಬುಕ್ ಪೆಟ್ಟಿಗೆ’. ನನಗೆ ನಿಜವಾಗಿ ಬೇಸರ ತರಿಸುವುದು ಇದು. 2003ರಲ್ಲಿ ಅಮೆರಿಕದ ಒಬ್ಬರು ಹಳೆಯ ವೈನ್ ಪೆಟ್ಟಿಗೆಯೊಂದನ್ನು ಒಳಗೆ ದಿಬ್ಬುಕ್ ಇದೆ ಎಂಬ ಭಯಾನಕ ಕಥೆ ಸೇರಿಸಿ ಇಬೇ ಜಾಲತಾಣದಲ್ಲಿ ಮಾರಾಟಕ್ಕಿಟ್ಟರು. ಕಥೆ ತಾವೇ ಕಟ್ಟಿದ್ದು ಎಂದು 2021ರಲ್ಲಿ ಅವರೇ ಒಪ್ಪಿಕೊಂಡರು. ಅದೇ ವರ್ಷ ಹಿಂದಿಯಲ್ಲೂ ಅಂಥದ್ದೇ ಪೆಟ್ಟಿಗೆಯ ಸಿನಿಮಾ ಬಂತು. ಸಿನಿಮಾ ನೋಡಿ, ಬೇಡ ಅನ್ನಲ್ಲ. ಆದರೆ ಇದನ್ನು ‘ಪುರಾತನ ಯಹೂದಿ ನಂಬಿಕೆ’ ಎಂದು ಬರೆಯಬೇಡಿ. ದಿಬ್ಬುಕ್ ಹುಡುಕುವುದು ಜೀವ ಇರುವ ಮೈಯನ್ನು. ಮರದ ಪೆಟ್ಟಿಗೆ ಅದಕ್ಕೆ ಯಾಕೆ ಬೇಕು?

ಒಳ್ಳೆಯ ಆತ್ಮವೂ ಮೈಗೆ ಬರಬಹುದು, ಅದು ‘ಇಬ್ಬೂರ್’. ಬಸುರಿಗೂ ಹೀಬ್ರೂವಿನಲ್ಲಿ ಇದೇ ಮೂಲದ ಪದ. ಉಳಿದುಹೋದ ಒಂದು ಪುಣ್ಯಕಾರ್ಯ ಮುಗಿಸಲು, ಅಥವಾ ಬದುಕಿರುವವರಿಗೆ ಆಸರೆಯಾಗಲು ಬರುತ್ತದೆ. ಕೆಲಸ ಮುಗಿದರೆ ತಾನಾಗಿ ಹೊರಟುಹೋಗುತ್ತದೆ, ಯಾರೂ ಓಡಿಸಬೇಕಾಗಿಲ್ಲ.