ತಳಪಾಯದ ಗುಂಡಿಯಲ್ಲಿ ಕಂಡ ಗೆರೆ

ಅಣುವಿದ್ಯುತ್ ಸ್ಥಾವರದ ರಿಯಾಕ್ಟರ್ ಕಟ್ಟಡಕ್ಕೆ ತಳಪಾಯ ಹಾಕುವ ಮೊದಲು ಮೇಲಿನ ಸಡಿಲ ಮಣ್ಣನ್ನೆಲ್ಲ ತೆಗೆದು, ಗಟ್ಟಿ ಬಂಡೆ ಸಿಗುವವರೆಗೆ ಅಗೆಯುತ್ತಾರೆ. ಹೀಗೆ ತೆರೆದ ಗುಂಡಿಯ ಗೋಡೆಯಲ್ಲೋ ತಳದಲ್ಲೋ ಕೆಲವೊಮ್ಮೆ ಒಂದು ಗೆರೆ ಕಾಣಿಸುತ್ತದೆ. ಅದರ ಒಂದು ಬದಿಯ ಶಿಲಾಪದರ ಮತ್ತೊಂದು ಬದಿಯ ಪದರಕ್ಕೆ ಹೊಂದುವುದಿಲ್ಲ. ಗೆರೆಯ ಉದ್ದಕ್ಕೂ ಬಂಡೆ ಅರೆದು ಜೇಡಿಯಂತಾಗಿರುತ್ತದೆ. ಉಜ್ಜಿದ ಮುಖದ ಮೇಲೆ ಗೀರುಗಳು ಉಳಿದಿರುತ್ತವೆ. ಭೂವಿಜ್ಞಾನಿಗಳು ಇದನ್ನು ಸ್ತರಭಂಗ ಎನ್ನುತ್ತಾರೆ, ಎಂಜಿನಿಯರುಗಳ ಬಾಯಲ್ಲಿ ಅದು ಫಾಲ್ಟ್. ಪುರಾತನ ಬಂಡೆಯಿರುವ ಪ್ರದೇಶಗಳಲ್ಲಿ ಸ್ತರಭಂಗಗಳು ಅಪರೂಪವೇನಲ್ಲ, ಅವುಗಳಲ್ಲಿ ಹೆಚ್ಚಿನವು ಕೋಟ್ಯಂತರ ವರ್ಷಗಳಿಂದ ಅಲುಗಾಡದೆ ಬಿದ್ದಿರುವಂಥವು. ಆದ್ದರಿಂದ ಗೆರೆ ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ, ಅದು ಕೊನೆಯ ಬಾರಿ ಸರಿದದ್ದು ಯಾವಾಗ ಎಂಬುದು.

ಈ ಪ್ರಶ್ನೆಗೆ ಉತ್ತರ ಹುಡುಕಲು ತಳಪಾಯದ ಗುಂಡಿಗಿಂತ ಒಳ್ಳೆಯ ಜಾಗವಿಲ್ಲ, ಅದಕ್ಕಿಂತ ಕಷ್ಟದ ಜಾಗವೂ ಇಲ್ಲ. ಕೊರೆದು ತೆಗೆದ ಶಿಲೆಯ ತುಂಡುಗಳಲ್ಲಿ ಕಣ್ಣಿಗೆ ಬೀಳದ ಗೆರೆ ಅಗಲವಾಗಿ ತೆರೆದ ಬಂಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ನಿಜ. ಆದರೆ ಬಂಡೆಯ ಮೇಲಿದ್ದ, ಇತ್ತೀಚಿನ ಸಾವಿರಾರು ವರ್ಷಗಳಲ್ಲಿ ಶೇಖರವಾದ ಮಣ್ಣಿನ ಪದರಗಳೇ ಸ್ತರಭಂಗದ ವಯಸ್ಸನ್ನು ಹೇಳಬಲ್ಲ ಸಾಕ್ಷಿಗಳು, ಮತ್ತು ಗುಂಡಿ ತೋಡುವಾಗ ಮೊದಲು ಹೋಗುವುದು ಆ ಪದರಗಳೇ. ಕೆಲವೇ ವಾರಗಳಲ್ಲಿ ಕಾಂಕ್ರೀಟ್ ಬಿದ್ದು ಬಂಡೆಯೂ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಜಾಗಕ್ಕೆ, ವಿನ್ಯಾಸಕ್ಕೆ, ಯಂತ್ರೋಪಕರಣಗಳ ಬೇಡಿಕೆಗೆ ಅಪಾರ ಹಣ ಸುರಿದಾಗಿರುತ್ತದೆ, ಮತ್ತು ಗೆರೆಯನ್ನು ಮೊದಲು ನೋಡುವವರು ಆ ಹಣ ಹಾಕಿದವರ ಕಡೆಯವರೇ ಆಗಿರುತ್ತಾರೆ. ಕಳೆದ ಅರವತ್ತು ವರ್ಷಗಳ ಮುಖ್ಯ ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಸ್ತರಭಂಗ ಎಷ್ಟು ದೊಡ್ಡದು ಎಂಬುದಕ್ಕಿಂತ, ಅದನ್ನು ಯಾರು, ಯಾವ ಹಂತದಲ್ಲಿ ನೋಡಿದರು, ನೋಡಿದ್ದನ್ನು ಯಾರಿಗೆ ತಿಳಿಸಿದರು ಎಂಬುದೇ ಮುಂದಿನದನ್ನೆಲ್ಲ ನಿರ್ಧರಿಸಿದೆ.

ಸ್ತರಭಂಗದಿಂದ ಬರುವ ಅಪಾಯ ಎರಡು ಬಗೆಯದು. ಮೊದಲನೆಯದು ಭೂಕಂಪದ ಅಲುಗಾಟ. ಗೋಡೆಗಳನ್ನು ದಪ್ಪ ಮಾಡಿ, ಕೊಳವೆಗಳಿಗೆ ಆಸರೆ ಕೊಟ್ಟು ಅದನ್ನು ಎದುರಿಸುವ ಕಟ್ಟಡವನ್ನು ಕಟ್ಟಬಹುದು. ಎರಡನೆಯದು ತಳಪಾಯದ ಅಡಿಯ ನೆಲವೇ ಎರಡಾಗಿ, ಒಂದು ಭಾಗ ಒಂದು ಕಡೆಗೆ, ಇನ್ನೊಂದು ಭಾಗ ಮತ್ತೊಂದು ಕಡೆಗೆ ಸರಿಯುವುದು. ಇದಕ್ಕೆ ತಕ್ಕ ರಿಯಾಕ್ಟರ್ ಕಟ್ಟಬಹುದೇ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು ಕ್ಯಾಲಿಫೋರ್ನಿಯದ ಬೊಡೇಗಾ ಹೆಡ್ ಎಂಬ ಕಡಲ ಚಾಚಿನಲ್ಲಿ.

ಪೆಸಿಫಿಕ್ ಗ್ಯಾಸ್ ಆ್ಯಂಡ್ ಎಲೆಕ್ಟ್ರಿಕ್ ಕಂಪನಿ ಅಲ್ಲಿ ಸ್ಥಾವರ ಕಟ್ಟಲು ಆರಿಸಿಕೊಂಡ ಜಾಗವು ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ವಲಯದ ಅಂಚಿನಿಂದ ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿತ್ತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಕೆಡವಿದ ಭೂಕಂಪ ಹುಟ್ಟಿದ್ದು ಇದೇ ಸ್ತರಭಂಗದಲ್ಲಿ. ಜಾಗದ ಕೆಳಗಿನ ಗ್ರಾನೈಟ್ ಬಂಡೆ ಗಟ್ಟಿಯಾಗಿದೆ ಎಂಬ ನಂಬಿಕೆಯಿಂದ ಕಂಪನಿ ಆಳವಾದ ಗುಂಡಿ ತೋಡಿತು. ಸ್ಥಳೀಯರ ವಿರೋಧ ಬಲಗೊಂಡು, 1963ರಲ್ಲಿ ಅಮೆರಿಕದ ಆಂತರಿಕ ಇಲಾಖೆಯ ಮುಖ್ಯಸ್ಥ ಸ್ಟೂವರ್ಟ್ ಯುಡಾಲ್ ಅವರ ಆಸಕ್ತಿಯಿಂದ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಜೂಲಿಯಸ್ ಶ್ಲಾಕರ್ ಮತ್ತು ಮ್ಯಾನ್ಯುಯೆಲ್ ಬೊನಿಲ್ಲಾ ಆ ಗುಂಡಿಯನ್ನು ಪರಿಶೀಲಿಸಿದರು. ಗುಂಡಿಯನ್ನೇ ಹಾದುಹೋಗುವ ಸ್ತರಭಂಗವೊಂದು ಅವರಿಗೆ ಕಂಡಿತು. ಅದು ಬಂಡೆಯನ್ನಷ್ಟೇ ಅಲ್ಲದೆ ಮೇಲಿನ ಮಣ್ಣಿನ ಪದರಗಳನ್ನೂ ಸೀಳಿತ್ತು. ಎಂದರೆ, ಆ ಮಣ್ಣು ಶೇಖರವಾದ ಮೇಲೂ ನೆಲ ಸರಿದಿತ್ತು.

ಕಂಪನಿ ಕೈಚೆಲ್ಲಲಿಲ್ಲ. ರಿಯಾಕ್ಟರ್ ಕಟ್ಟಡವನ್ನು ಮರಳಿನ ಹಾಸಿನ ಮೇಲೆ ಕೂರಿಸಿ, ಸುತ್ತಲೂ ಜಾಗ ಬಿಟ್ಟು, ನೆಲ ಒಂದೆರಡು ಅಡಿ ಸರಿದರೂ ಕಟ್ಟಡ ಒಡೆಯದಂತೆ ಮಾಡುವ ವಿನ್ಯಾಸವನ್ನು ಅದು ಮುಂದಿಟ್ಟಿತು. ಚಾತುರ್ಯದ ಯೋಜನೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅಂಥದ್ದನ್ನು ಯಾರೂ ಎಲ್ಲಿಯೂ ಪರೀಕ್ಷಿಸಿರಲಿಲ್ಲ. 1964ರ ಮಾರ್ಚ್‌ನಲ್ಲಿ ಅಲಾಸ್ಕದಲ್ಲಿ 9.2 ಪ್ರಮಾಣದ ಭೂಕಂಪವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಥಾವರಗಳಿಗೆ ಪರವಾನಗಿ ಕೊಡುತ್ತಿದ್ದ ಅಮೆರಿಕದ ಅಣುಶಕ್ತಿ ಆಯೋಗದ ಸಲಹಾ ಸಮಿತಿಯು ಈ ಜಾಗದಲ್ಲಿ ಸ್ಥಾವರವನ್ನು ಸುರಕ್ಷಿತವಾಗಿ ಕಟ್ಟಬಹುದೆಂದೂ, ಆಯೋಗದ ನಿಯಂತ್ರಣ ಸಿಬ್ಬಂದಿಯು ಇದು ತಕ್ಕ ಜಾಗವಲ್ಲವೆಂದೂ ವರದಿ ಕೊಟ್ಟವು. ಕಂಪನಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಆ ಗುಂಡಿ ಈಗಲೂ ಅಲ್ಲಿದೆ, ನೀರು ತುಂಬಿ ಕೊಳದಂತಾಗಿದೆ.

ಒಂದೇ ಆಯೋಗದ ಎರಡು ಅಂಗಗಳು ಒಂದೇ ಸಾಕ್ಷ್ಯವನ್ನು ನೋಡಿ ಎರಡು ಮಾತು ಹೇಳಿದ್ದಕ್ಕೆ ಕಾರಣ, ಯಾವ ಸ್ತರಭಂಗವನ್ನು ಜೀವಂತ ಎಂದು ಎಣಿಸಬೇಕು ಎಂಬುದಕ್ಕೆ ಬರೆದಿಟ್ಟ ಅಳತೆ ಇಲ್ಲದಿದ್ದದ್ದು. ಆ ಅಳತೆ ಬಂದದ್ದು 1973ರಲ್ಲಿ. ಕಳೆದ 35,000 ವರ್ಷಗಳಲ್ಲಿ ಒಮ್ಮೆಯಾದರೂ, ಅಥವಾ ಕಳೆದ 5,00,000 ವರ್ಷಗಳಲ್ಲಿ ಮತ್ತೆ ಮತ್ತೆ, ನೆಲದ ಮಟ್ಟದಲ್ಲಿ ಅಥವಾ ಅದಕ್ಕೆ ಸಮೀಪದಲ್ಲಿ ಸರಿದಿರುವ ಸ್ತರಭಂಗವನ್ನು ಮುಂದೆಯೂ ಸರಿಯಬಲ್ಲದ್ದೆಂದು ಪರಿಗಣಿಸಬೇಕು ಎಂದು ಅಮೆರಿಕದ ನಿಯಮ ಹೇಳಿತು. ಮೊದಲ ಸಂಖ್ಯೆಯು ಆ ಕಾಲದ ರೇಡಿಯೋಕಾರ್ಬನ್ ವಿಧಾನ ಮುಟ್ಟಬಲ್ಲ ವಯಸ್ಸಿನ ಗಡಿಗೆ ಹತ್ತಿರದ್ದು. ನಿಸರ್ಗದಲ್ಲಿ ಅಂಥ ಗಡಿಯೇನೂ ಇಲ್ಲ; ಅಳೆಯುವವರ ಕೈಯಲ್ಲಿದ್ದ ಸಾಧನವೇ ಗಡಿಯನ್ನು ಹಾಕಿತು ಎಂಬುದನ್ನು ಮರೆಯಬಾರದು.

ವಯಸ್ಸನ್ನು ಕಂಡುಹಿಡಿಯುವ ತರ್ಕ ಸರಳವಾದದ್ದು. ಸ್ತರಭಂಗವನ್ನು ಮುಚ್ಚಿಕೊಂಡಿರುವ ಪದರವೊಂದು ಸೀಳದೆ ಉಳಿದಿದ್ದರೆ, ಆ ಪದರದ ವಯಸ್ಸಿನಷ್ಟು ಕಾಲ ಸ್ತರಭಂಗ ಸರಿದಿಲ್ಲ ಎಂದರ್ಥ. ಕ್ಯಾಲಿಫೋರ್ನಿಯದ ಸ್ಯಾನ್ ಒನೋಫ್ರೆ ಸ್ಥಾವರದ ಸಮೀಪ ಕಡಲ ದಂಡೆಯ ಕಡಿದಾದ ಗೋಡೆಯಲ್ಲಿ ಕ್ರಿಸ್ಟಿಯಾನಿಟೋಸ್ ಸ್ತರಭಂಗ ಬರಿಗಣ್ಣಿಗೆ ಕಾಣುತ್ತದೆ. ಅದರ ಮೇಲೆ ಸುಮಾರು 1,25,000 ವರ್ಷಗಳ ಹಿಂದೆ ಕಡಲು ಹಾಸಿದ ಜಲ್ಲಿ ಮತ್ತು ಮರಳಿನ ಪದರ ಒಂದಿಷ್ಟೂ ಮುರಿಯದೆ ಅಡ್ಡಲಾಗಿ ಹಾದುಹೋಗಿದೆ. ಇಂಥ ಪದರ ಸಿಗದ ಕಡೆ, ಸ್ತರಭಂಗದ ಬಿರುಕಿನಲ್ಲಿ ಆಮೇಲೆ ಬೆಳೆದ ಖನಿಜಗಳು ಅರೆಯದೆ ಉಳಿದಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಆ ಖನಿಜಗಳ ವಯಸ್ಸನ್ನು ವಿಕಿರಣಶೀಲ ಮೂಲವಸ್ತುಗಳ ಕ್ಷಯದಿಂದ ಲೆಕ್ಕ ಹಾಕುತ್ತಾರೆ. ಜ್ವಾಲಾಮುಖಿಗಳ ನಾಡಿನಲ್ಲಿ ವಯಸ್ಸು ಗೊತ್ತಿರುವ ಬೂದಿಯ ಪದರ ಅದೇ ಕೆಲಸ ಮಾಡುತ್ತದೆ.

ಆದರೆ ಈ ತರ್ಕವನ್ನೆಲ್ಲ ಬಳಸಬೇಕಾದರೆ ಗೆರೆ ಕಂಡಿದೆ ಎಂಬ ವಿಷಯ ಮೊದಲು ಹೊರಬರಬೇಕು. ವರ್ಜೀನಿಯದ ನಾರ್ತ್ ಆ್ಯನಾ ಸ್ಥಾವರದ ಕಥೆ ಇಲ್ಲಿಯೇ ತೊಡಕಾಯಿತು. ಅಲ್ಲಿನ ಮೊದಲ ಎರಡು ರಿಯಾಕ್ಟರುಗಳ ಗುಂಡಿಗೆ 1970ರಲ್ಲಿ ಭೇಟಿಕೊಟ್ಟ ಭೂವಿಜ್ಞಾನದ ಅಧ್ಯಾಪಕರೊಬ್ಬರು ಬಂಡೆಯಲ್ಲಿ ಸ್ತರಭಂಗವಿದೆ ಎಂದು ಗುರುತಿಸಿದ್ದರು. ಆದರೆ ಸ್ಥಾವರ ಕಟ್ಟುತ್ತಿದ್ದ ವರ್ಜೀನಿಯ ಎಲೆಕ್ಟ್ರಿಕ್ ಆ್ಯಂಡ್ ಪವರ್ ಕಂಪನಿ ಆಯೋಗಕ್ಕೆ ಸಲ್ಲಿಸಿದ ದಾಖಲೆಗಳಲ್ಲಿ ಅಂಥ ಅನುಮಾನದ ಸುಳಿವಿರಲಿಲ್ಲ. 1973ರಲ್ಲಿ ಮೂರನೆಯ ಮತ್ತು ನಾಲ್ಕನೆಯ ರಿಯಾಕ್ಟರುಗಳಿಗೆ ಅಗೆಯುವಾಗ ಸ್ತರಭಂಗ ಮತ್ತೆ ತೆರೆದುಕೊಂಡ ಮೇಲೆಯೇ ವಿಷಯ ಆಯೋಗದ ಮುಂದೆ ಬಂದು, ಅಲ್ಲಿಂದ ಸಾರ್ವಜನಿಕರಿಗೆ ತಿಳಿಯಿತು. ನಾರ್ತ್ ಆ್ಯನಾ ಎನ್ವಿರಾನ್ಮೆಂಟಲ್ ಕೊಯಲಿಷನ್ ಎಂಬ ನಾಗರಿಕರ ಗುಂಪು ಯಾರಿಗೆ ಯಾವಾಗ ಏನು ಗೊತ್ತಿತ್ತೆಂಬುದನ್ನು ಬೆನ್ನುಹತ್ತಿತು.

ವೈಜ್ಞಾನಿಕ ವಿಚಾರಣೆ ಕಂಪನಿಯ ಪರವಾಗಿಯೇ ಮುಗಿಯಿತು: ಸ್ತರಭಂಗ ಬಹಳ ಹಳೆಯದು, ನಿಯಮದ ಅಳತೆಯಲ್ಲಿ ನಿಷ್ಕ್ರಿಯ ಎಂದು ತೀರ್ಮಾನವಾಯಿತು. ಕಾನೂನಿನ ವಿಚಾರಣೆಯ ದಾರಿ ಬೇರೆಯಾಗಿತ್ತು. ಪರವಾನಗಿಗೆ ಮುಖ್ಯವಾದ ಸಂಗತಿಯನ್ನು ಹೇಳದೆ ಬಿಡುವುದೂ ಸುಳ್ಳು ಹೇಳಿಕೆಯೇ, ವಂಚಿಸುವ ಉದ್ದೇಶ ಇತ್ತೆಂದು ಸಾಬೀತಾಗಬೇಕಿಲ್ಲ ಎಂದು, ಅಣುಶಕ್ತಿ ಆಯೋಗದ ಜಾಗಕ್ಕೆ ಬಂದಿದ್ದ ಪರಮಾಣು ನಿಯಂತ್ರಣ ಆಯೋಗ 1976ರಲ್ಲಿ ಹೇಳಿ 32,500 ಡಾಲರ್ ದಂಡ ವಿಧಿಸಿತು. 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಲುವನ್ನು ಎತ್ತಿಹಿಡಿಯಿತು. ಸ್ಥಾವರದ ವೆಚ್ಚದ ಮುಂದೆ ದಂಡದ ಮೊತ್ತ ಏನೇನೂ ಅಲ್ಲ. ಆದರೂ ಈ ತೀರ್ಪು ದೊಡ್ಡದು, ಏಕೆಂದರೆ ಸ್ತರಭಂಗ ಅಪಾಯಕಾರಿಯೋ ಅಲ್ಲವೋ ಎಂದು ತಾನೇ ತೀರ್ಮಾನಿಸಿಕೊಂಡು ಸುಮ್ಮನಿರುವ ಅಧಿಕಾರ ಕಟ್ಟುವವನಿಗಿಲ್ಲ ಎಂಬುದು ಇದರಿಂದ ಸ್ಥಿರವಾಯಿತು. ಇತ್ತೀಚಿನ ಅಮೆರಿಕನ್ ಸ್ಥಾವರಗಳ ಪರವಾನಗಿಗಳಲ್ಲಿ ಇನ್ನೊಂದು ಷರತ್ತೂ ಇದೆ: ಸುರಕ್ಷತೆಗೆ ಸಂಬಂಧಿಸಿದ ಕಟ್ಟಡಗಳ ಗುಂಡಿಗಳನ್ನು ವಿವರವಾಗಿ ನಕ್ಷೆ ಮಾಡಬೇಕು, ಕಂಡ ಲಕ್ಷಣಗಳನ್ನು ಪರಿಶೀಲಿಸಬೇಕು, ಮತ್ತು ಗುಂಡಿ ತೆರೆದಿರುವಾಗಲೇ ಆಯೋಗಕ್ಕೆ ತಿಳಿಸಿ ಅದರ ಭೂವಿಜ್ಞಾನಿಗಳು ಬಂದು ನೋಡಲು ಅವಕಾಶ ಮಾಡಿಕೊಡಬೇಕು.

ಅದೇ ನಾರ್ತ್ ಆ್ಯನಾದಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ 2011ರ ಆಗಸ್ಟ್ 23ರಂದು 5.8 ಪ್ರಮಾಣದ ಭೂಕಂಪವಾಯಿತು. ವಿನ್ಯಾಸದಲ್ಲಿ ಲೆಕ್ಕಹಾಕಿದ್ದಕ್ಕಿಂತ ಹೆಚ್ಚು ಅಲುಗಾಟ ದಾಖಲಾಯಿತು, ಎರಡೂ ರಿಯಾಕ್ಟರುಗಳು ನಿಂತವು, ಬಳಸಿದ ಇಂಧನವನ್ನು ತುಂಬಿಟ್ಟಿದ್ದ ನೂರು ಟನ್ನಿಗೂ ಹೆಚ್ಚು ತೂಕದ ಪೀಪಾಯಿಗಳು ಕೆಲವು ಅಂಗುಲ ಸರಿದವು. ದೊಡ್ಡ ಹಾನಿಯಾಗಲಿಲ್ಲ, ನವೆಂಬರಿನಲ್ಲಿ ಸ್ಥಾವರ ಮತ್ತೆ ಶುರುವಾಯಿತು. ಭೂಕಂಪ ಹುಟ್ಟಿದ್ದು 1970ರ ದಶಕದಲ್ಲಿ ಎಲ್ಲರೂ ಚರ್ಚಿಸಿದ್ದ ಸ್ತರಭಂಗದಲ್ಲಲ್ಲ, ಅದುವರೆಗೆ ಯಾರೂ ಗುರುತಿಸದೆ ಇದ್ದ ಬೇರೊಂದರಲ್ಲಿ.

ಕಾಲಡಿಯ ಗುಂಡಿಯನ್ನು ಎಚ್ಚರದಿಂದ ನೋಡಿದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಕ್ಯಾಲಿಫೋರ್ನಿಯದ ಡಯಾಬ್ಲೊ ಕ್ಯಾನ್ಯನ್ ಹಳೆಯ ಉದಾಹರಣೆ. ಅಲ್ಲಿ ಕಟ್ಟುವ ಮೊದಲು ಉದ್ದನೆಯ ಕಂದಕಗಳನ್ನು ತೋಡಿ, ಹಳೆಯ ಕಡಲಂಚಿನ ಪದರಗಳು ಮುರಿದಿಲ್ಲವೆಂದು ಖಚಿತಪಡಿಸಿಕೊಂಡು 1968ರಲ್ಲಿ ಕೆಲಸ ಆರಂಭಿಸಿದ್ದರು. ಆದರೆ ಸ್ಥಾವರದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಕಡಲಿನ ತಳದಲ್ಲಿ ದೊಡ್ಡ ಸ್ತರಭಂಗವಿರುವುದನ್ನು ತೈಲ ಹುಡುಕುತ್ತಿದ್ದ ಹಾಸ್ಕಿನ್ಸ್ ಮತ್ತು ಗ್ರಿಫಿತ್ಸ್ ಎಂಬ ಭೂವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದರು. ಅವರಿಬ್ಬರ ಹೆಸರಿನ ತುಣುಕುಗಳಿಂದಲೇ ಅದು ಹೊಸ್ಗ್ರಿ ಎನಿಸಿಕೊಂಡಿತು. ಅರ್ಧ ಕಟ್ಟಿದ ಸ್ಥಾವರವನ್ನು 7.5 ಪ್ರಮಾಣದ ಭೂಕಂಪಕ್ಕೆ ತಾಳುವಂತೆ ಮತ್ತೆ ಲೆಕ್ಕ ಹಾಕಿ ಬಲಪಡಿಸಬೇಕಾಯಿತು. ಮೊದಲ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದಾಗ 1985 ಆಗಿತ್ತು.

ಜಪಾನಿನಲ್ಲಿ ಈ ಪ್ರಶ್ನೆ ತಿರುಗುಮುರುಗಾಗಿ, ಸ್ಥಾವರಗಳು ಓಡಿ ದಶಕಗಳಾದ ಮೇಲೆ ಎದ್ದಿತು. ಫುಕುಶಿಮಾ ದುರಂತದ ನಂತರ 2012ರಲ್ಲಿ ಹುಟ್ಟಿದ ಪರಮಾಣು ನಿಯಂತ್ರಣ ಪ್ರಾಧಿಕಾರವು ಸಕ್ರಿಯ ಸ್ತರಭಂಗದ ಮೇಲೆ ಮುಖ್ಯ ಕಟ್ಟಡಗಳಿರಬಾರದು ಎಂಬ ನಿಯಮವನ್ನು ಬಿಗಿಗೊಳಿಸಿತು. ಅಲ್ಲಿನ ಅಳತೆ 1,20,000ದಿಂದ 1,30,000 ವರ್ಷ. ಸಾಕ್ಷ್ಯ ಸ್ಪಷ್ಟವಿಲ್ಲದಿದ್ದರೆ 4,00,000 ವರ್ಷದವರೆಗೂ ಹಿಂದಕ್ಕೆ ಹೋಗಿ ನೋಡಬೇಕು. ನೋಟೊ ಪರ್ಯಾಯ ದ್ವೀಪದ ಶಿಕಾ ಸ್ಥಾವರದಲ್ಲಿ ಮೊದಲ ರಿಯಾಕ್ಟರಿನ ಅಡಿ ಹಾದುಹೋಗುವ ಸ್ತರಭಂಗವನ್ನು ತಜ್ಞರ ತಂಡ ಪರಿಶೀಲಿಸಲು ಹೊರಟಾಗ, ಅದರ ಮೇಲಿನ ಮಣ್ಣು ನಿರ್ಮಾಣದ ಕಾಲದಲ್ಲೇ ಹೋಗಿಬಿಟ್ಟಿತ್ತು. ಉಳಿದಿದ್ದ ಮುಖ್ಯ ಸಾಕ್ಷಿ 1980ರ ದಶಕದಲ್ಲಿ ಕಂದಕದ ಗೋಡೆಯನ್ನು ನೋಡಿ ಬರೆದಿಟ್ಟ ರೇಖಾಚಿತ್ರ, ಮತ್ತು ಅದರಲ್ಲಿ ಬಂಡೆಯ ಮೇಲಿನ ಪದರಗಳಲ್ಲೂ ಏರುಪೇರು ಕಾಣುತ್ತಿತ್ತು. 2016ರಲ್ಲಿ ತಂಡವು ಇದನ್ನು ಸಕ್ರಿಯವೆಂದು ಅರ್ಥೈಸುವುದೇ ಸಮಂಜಸ ಎಂದಿತು. ಸ್ಥಾವರದ ಒಡೆತನದ ಕಂಪನಿಯು ಸ್ತರಭಂಗವನ್ನು ಅಡ್ಡಹಾಯ್ದ ಖನಿಜಗಳು ಮುರಿದಿಲ್ಲವೆಂಬ ಹೊಸ ಸಾಕ್ಷ್ಯ ತಂದಿತು, 2023ರ ಮಾರ್ಚ್‌ನಲ್ಲಿ ಪ್ರಾಧಿಕಾರ ಅದನ್ನು ಒಪ್ಪಿತು. 2024ರ ಜನವರಿ 1ರಂದು ಅದೇ ಪರ್ಯಾಯ ದ್ವೀಪದಲ್ಲಿ 7.6 ಪ್ರಮಾಣದ ಭೂಕಂಪವಾಯಿತು. ಅದು ಸ್ಥಾವರದ ಅಡಿಯ ಗೆರೆಯಿಂದ ಬಂದದ್ದಲ್ಲ, ಕಡಲ ತಳದ ಸ್ತರಭಂಗಗಳಿಂದ ಬಂದದ್ದು. ಕಂಪನಿ 96 ಕಿಲೋಮೀಟರ್ ಉದ್ದಕ್ಕೆ ಒಟ್ಟಿಗೆ ಸರಿಯಬಹುದೆಂದು ಎಣಿಸಿದ್ದಲ್ಲಿ ಸುಮಾರು 150 ಕಿಲೋಮೀಟರ್ ಸರಿದಿತ್ತು. ಸ್ಥಾವರ ಆಗ ನಿಂತೇ ಇತ್ತು.

ಜಪಾನಿನದೇ ತ್ಸುರುಗಾ ಸ್ಥಾವರದ ಎರಡನೆಯ ಘಟಕದ ವಿಚಾರ ಇದಕ್ಕಿಂತ ಕಹಿಯಾದದ್ದು. 1987ರಿಂದ ವಿದ್ಯುತ್ ಕೊಡುತ್ತಿದ್ದ ಆ ಘಟಕದ ಕಟ್ಟಡದಿಂದ ಕೆಲವೇ ನೂರು ಮೀಟರ್ ದೂರದಲ್ಲಿ ಉರಸೊಕೊ ಎಂಬ ಸ್ತರಭಂಗವಿದೆ, ಅದು ಸಕ್ರಿಯವೆಂದು ಜಪಾನ್ ಅಟಾಮಿಕ್ ಪವರ್ ಕಂಪನಿ 2008ರಲ್ಲಿ ಒಪ್ಪಿಕೊಂಡಿತು. ಅದರಿಂದ ಕವಲೊಡೆದಂತಿರುವ ಗೆರೆಗಳು ರಿಯಾಕ್ಟರಿನ ಅಡಿಗೂ ಹೋಗುತ್ತವೆಯೇ ಎಂಬುದು ಮುಂದಿನ ಪ್ರಶ್ನೆಯಾಯಿತು. 2013ರಲ್ಲಿ ತಜ್ಞರ ತಂಡ ಹೌದೆಂದಿತು, ಕಂಪನಿ ಅಲ್ಲವೆಂದು ಮರುಪರಿಶೀಲನೆ ಕೇಳಿತು. 2020ರಲ್ಲಿ ಪ್ರಾಧಿಕಾರದವರು ಕಡತ ತಿರುವುತ್ತಿದ್ದಾಗ, ಕೊರೆದು ತೆಗೆದ ಶಿಲೆಯ ವಿವರಣೆಗಳು ಹಿಂದಿನ ದಾಖಲೆಗಿಂತ ಬೇರೆಯಾಗಿರುವುದು ಕಂಡಿತು. ಗಟ್ಟಿಯಾಗದ ಜೇಡಿ ಎಂದು ಮೊದಲು ಬರೆದಿದ್ದ ಕಡೆ ಗಟ್ಟಿಯಾದ ಜೇಡಿ ಎಂದಿತ್ತು. ಗಟ್ಟಿಯಾಗದ ಜೇಡಿ ಇತ್ತೀಚಿನ ಚಲನೆಯ ಗುರುತಾಗಬಹುದಾದ್ದರಿಂದ ಒಂದು ಪದದ ವ್ಯತ್ಯಾಸ ಇಲ್ಲಿ ಸಣ್ಣದಲ್ಲ. ಸೂಕ್ಷ್ಮದರ್ಶಕದ ಪರೀಕ್ಷೆಯ ಫಲಿತಾಂಶಕ್ಕೆ ತಕ್ಕಂತೆ ಬದಲಿಸಿದ್ದು, ಕೆಟ್ಟ ಉದ್ದೇಶವಿರಲಿಲ್ಲ ಎಂದು ಕಂಪನಿ ವಿವರಿಸಿತು. ಹಾಗಿದ್ದರೆ ಹಳೆಯ ವಿವರಣೆಯನ್ನು ಉಳಿಸಿ ಹೊಸದನ್ನು ಅದರ ಪಕ್ಕದಲ್ಲಿ ಬರೆಯಬಹುದಿತ್ತು. ಕ್ಷೇತ್ರಕಾರ್ಯ ಕಲಿಯುವ ವಿದ್ಯಾರ್ಥಿಗೂ ಮೊದಲು ಹೇಳಿಕೊಡುವುದು ಅದನ್ನೇ.

ಪರಿಶೀಲನೆ ನಿಂತು, ಮತ್ತೆ ಶುರುವಾಗಿ, 2024ರ ನವೆಂಬರ್ 13ರಂದು ಘಟಕವನ್ನು ಮತ್ತೆ ಓಡಿಸಲು ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಪ್ರಾಧಿಕಾರ ತಿರಸ್ಕರಿಸಿತು. ಹೊಸ ನಿಯಮಗಳು ಬಂದ ಮೇಲೆ ಇಂಥ ತಿರಸ್ಕಾರ ಇದೇ ಮೊದಲು. ರಿಯಾಕ್ಟರಿನ ಉತ್ತರಕ್ಕೆ ಸುಮಾರು 300 ಮೀಟರ್ ದೂರದ ಕಂದಕದಲ್ಲಿ ಸಿಕ್ಕ ‘ಕೆ’ ಎಂಬ ಸ್ತರಭಂಗ ಸಕ್ರಿಯವಾಗಿರುವ ಸಾಧ್ಯತೆಯನ್ನೂ, ಅದು ರಿಯಾಕ್ಟರ್ ಕಟ್ಟಡದ ಅಡಿಯವರೆಗೆ ಮುಂದುವರಿದಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು ಎಂಬುದು ಕಾರಣ. ಅದನ್ನು ತಳ್ಳಿಹಾಕಲು ಬೇಕಾದ ಬಂಡೆ ತೆರೆದಿದ್ದದ್ದು ತಳಪಾಯ ಹಾಕುವ ಮೊದಲಿನ ಕೆಲವು ವಾರಗಳಲ್ಲಿ ಮಾತ್ರ, ಮತ್ತು ಈಗ ಅದರ ಮೇಲೆ ರಿಯಾಕ್ಟರ್ ನಿಂತಿದೆ.